ಇಪ್ಪತ್ತು ನಿಮಿಷ ಕಾಯಿಸುವ ಡಾಕ್ಟರು

ಶಿಯಾಂಗ್ ಬೋಗೆನ್‌ಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಚೀನಾದ ಹುನಾನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷ ಸೂಜಿ ಚುಚ್ಚಿದ ಡಾಕ್ಟರು ಅವನು. ಹೊಳೆಯಾಚೆ ರನ್ ಯಾಲಾನ್ ಎಂಬ ಹುಡುಗಿ ಕ್ಲಿನಿಕ್ ತೆರೆದದ್ದೇ ತಡ, ಜನ ಅತ್ತ ಮುಖ ಮಾಡಿದರು.

ಪೆನಿಸಿಲಿನ್ ಕೊಡುವ ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ, ಸುತ್ತ ಪೆನ್ನಿನಿಂದ ಗೆರೆ ಎಳೆದು, ಇಪ್ಪತ್ತು ನಿಮಿಷ ಕಾಯಬೇಕು. ಕೆಂಪಗೆ ಊದಿದರೆ ಆ ಮೈಗೆ ಔಷಧಿಯೇ ವಿಷ. ಆ ಇಪ್ಪತ್ತು ನಿಮಿಷವೂ ಯಾಲಾನ್ ಹರಟುತ್ತಿದ್ದಳು. ಅಂಗಿ ತೋಳು ಮಡಚಿಕೊಂಡ ಜನ ಚಹಾ ಹೀರುತ್ತ ಕಿವಿಗೊಟ್ಟು ಕೂರುತ್ತಿದ್ದರು. ಬೋಗೆನ್ ಒಮ್ಮೆ ಕಿಟಕಿಯ ಹೊರಗೆ ನಿಂತು ಕದ್ದು ಕೇಳಿದ.

"ನೋಡಿ ಅಜ್ಜ, ಈ ಬ್ಯಾಕ್ಟೀರಿಯಾಗೆ ಮೈ ಸುತ್ತ ಒಂದು ಗೋಡೆ ಇರುತ್ತೆ. ಬೆಳೀತಾ ಬೆಳೀತಾ ಅದನ್ನ ಕಟ್ತಾನೇ ಇರ್ಬೇಕು. ಪೆನಿಸಿಲಿನ್ ಹೋಗಿ ಗಾರೆ ಕೆಲಸದವನ ಕೈ ಹಿಡ್ಕೊಳುತ್ತೆ. ಗೋಡೆ ಬಿರುಕು ಬಿಡ್ತು, ನೀರು ನುಗ್ತು, ಢಂ!"

"ನಮ್ಮ ಮೈ ಒಡೆಯಲ್ವೇನಮ್ಮ?" ಎಂದ ಅಜ್ಜ.

"ನಮ್ಮ ಜೀವಕೋಶಕ್ಕೆ ಗೋಡೆನೇ ಇಲ್ಲ. ನೆಗಡಿ ವೈರಸ್ಸಿಗೂ ಇಲ್ಲ. ಅದಕ್ಕೇ ನೆಗಡಿಗೆಲ್ಲ ಸೂಜಿ ಕೇಳ್ಬೇಡಿ."

ಜನ ನಕ್ಕರು. ಬೋಗೆನ್‌ನ ಮೈ ಉರಿದುಹೋಯಿತು. ಇದೆಲ್ಲ ಅವನಿಗೂ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಮರುದಿನದಿಂದ ಹೊಸ ವರಸೆ ತೆಗೆದ: "ಹಿಂದೆ ತಗೊಂಡಿದ್ದೀಯಲ್ಲ? ಪರೀಕ್ಷೆ ಗಿರೀಕ್ಷೆ ಬೇಡ. ಕಾಯ್ಸೋ ಡಾಕ್ಟ್ರು ನಾನಲ್ಲ." ಅವಸರದವರೆಲ್ಲ ವಾಪಸು ಬಂದರು. ಅವನು ಎದೆಯುಬ್ಬಿಸಿ ಓಡಾಡಿದ.

ಅಷ್ಟರಲ್ಲಿ ಹೆಂಡತಿ ಗ್ವೇಝೆನ್‌ಗೆ ಗಂಟಲು ಕೀವುಗಟ್ಟಿ ಜ್ವರ ಬಂತು.

"ಬಾ, ಪೆನಿಸಿಲಿನ್ ಹಾಕ್ತೀನಿ. ಮದುವೆಯಾದ ಹೊಸದ್ರಲ್ಲಿ ತಗೊಂಡಿದ್ದೆಯಲ್ಲ, ಏನಾಗಲ್ಲ."

"ಆಮೇಲೆ," ಎಂದು ಅವಳು ಎದ್ದು ಹೋದಳು.

ಮಧ್ಯಾಹ್ನ ಗಂಜಿ ಬಡಿಸುವಾಗ ಅವಳ ಅಂಗಿ ತೋಳು ಮೇಲೆ ಸರಿಯಿತು. ಮುಂಗೈಯಲ್ಲಿ ನೀಲಿ ಗೆರೆಯ ವೃತ್ತ.

"ಅವಳ ಹತ್ರ ಹೋಗಿದ್ಯಾ? ನನ್ನ ಹೆಂಡ್ತಿ ಅವಳ ಬೆಂಚಿನ ಮೇಲೆ! ಊರೆಲ್ಲ ನೋಡಿರ್ತಾರೆ!"

"ನೋಡ್ಲಿ ಬಿಡು, ಶಿಯಾಂಗ್. ನೀನು ಕಾಯ್ಸಲ್ಲ ಅಂತ ಊರು ಹೊಗಳುತ್ತೆ. ನಂಗೆ ಬದುಕೋ ಆಸೆ ಇದೆ."

ಅವಳು ಕೈ ಮುಂದೆ ಚಾಚಿದಳು. ಗೆರೆ ದಾಟಿ ಕೆಂಪು ಊತ ಹರಡಿತ್ತು. "ನಿಮಗೆ ಈ ಸೂಜಿ ಆಗಲ್ಲ ಅಂದ್ಲು. ಬೇರೆ ಮಾತ್ರೆ ಕೊಟ್ಟಿದ್ದಾಳೆ."

ಬೋಗೆನ್ ಊಟದ ಕಡ್ಡಿಗಳನ್ನು ಕೆಳಗಿಟ್ಟ. ಬೆಳಿಗ್ಗೆ ಅವಳು ಹೂಂ ಎಂದಿದ್ದರೆ ಈ ಹೊತ್ತಿಗೆ ಮನೆಯಲ್ಲಿ ಹೆಣ ಬಿದ್ದಿರುತ್ತಿತ್ತು. ಅವಳ ಕೈ ಹಿಡಿದುಕೊಂಡು ಗಳಗಳನೆ ಅತ್ತ. ಅಳುವಾಗಲೂ ಒಳಗೆ ಉರಿ ಆರಿರಲಿಲ್ಲ: ಇವಳನ್ನು ಉಳಿಸಿದ್ದು ತಾನಲ್ಲ, ಆ ಹುಡುಗಿ.