ಕುಕ್ಕರಿನ ಬಿಲ್ಲು ಅಂಬಾದಾಸನ ಫೋನಿಗೆ

ಚಂದ್ರಬಾಯಿ ಆಳಂದದ ಕಡೆಯವಳು. ಹದಿಮೂರು ವರ್ಷದ ಹಿಂದೆ ಗಂಡ ರೇವಣಸಿದ್ದನ ಬೆನ್ನಿಗೆ ಠಾಣೆಯ ಆಚೆಗಿನ ಕಾಮೋಠೆಗೆ ಬಂದವಳು ಒಂಬತ್ತು ವರ್ಷ ಇಟ್ಟಿಗೆ ಹೊತ್ತಳು. ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ಮೇಲೆ, ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯೊಂದರ ಕೈಕಾಲು ಹಿಡಿದು, ಸೀವುಡ್ಸ್ ಸ್ಟೇಷನ್ ಹತ್ತಿರದ ದೊಡ್ಡ ಅಂಗಡಿಯಲ್ಲಿ ನೆಲ ಒರೆಸುವ ಕೆಲಸ ಹಿಡಿದಳು. ಅವಳ ಜೀವಮಾನದಲ್ಲಿ ಬಿಸಿಲಿಲ್ಲದ ಮೊದಲ ಕೆಲಸ ಅದು. ಅದು ಕೈಬಿಟ್ಟರೆ ಮತ್ತೆ ಇಟ್ಟಿಗೆಯೇ ಗತಿ. ಇಟ್ಟಿಗೆ ಹೊರುವ ಮಂಡಿ ಮಾತ್ರ ಈಗ ಉಳಿದಿರಲಿಲ್ಲ.

ಅವರ ಗಲ್ಲಿಯಲ್ಲಿ ಒಂದು ರೂಢಿ. ಎಲ್ಲಿ ಯಾರು ಮೊಬೈಲ್ ನಂಬರ್ ಕೇಳಲಿ, ಕೂಲಿಯವರ ಮೇಸ್ತ್ರಿ, ಮುಕಾದಮ ಅಂಬಾದಾಸನ ನಂಬರ್ ಹೇಳುವುದು. ಇವರ ಫೋನುಗಳು ಇವತ್ತು ರೀಚಾರ್ಜ್ ಇದ್ದರೆ ನಾಳೆ ಇಲ್ಲ, ಅವನ ನಂಬರ್ ಮಾತ್ರ ಬದಲಾದದ್ದಿಲ್ಲ. ಗ್ಯಾಸ್ ಬುಕ್ಕಿಂಗು, ದವಾಖಾನೆಯ ಚೀಟಿ, ಮಕ್ಕಳ ಶಾಲೆ, ಎಲ್ಲದಕ್ಕೂ ಅದೇ. ಸಂಜೆ ಅವನು ಕಟ್ಟೆಯ ಮೇಲೆ ಕೂತು, ಯಾರ ಮನೆಗೆ ಏನು ಬಂದಿದೆ ಎಂದು ಕೂಗಿ ಹೇಳುತ್ತಿದ್ದ. ನಲವತ್ತು ಮನೆಯ ಗುಟ್ಟು ಒಂದೇ ಫೋನಿನಲ್ಲಿತ್ತು, ಯಾರಿಗೂ ಅದು ತಪ್ಪೆಂದು ಕಂಡಿರಲಿಲ್ಲ.

ಮಗಳು ಮಲ್ಲಿಕಾ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ಅವಳಿಗೆಂದು ಚಂದ್ರಬಾಯಿ ಒಂದು ಸಣ್ಣ ಕುಕ್ಕರ್ ಕೊಂಡಳು, ತಾನೇ ದಿನಾ ಧೂಳು ಒರೆಸುವ ಸಾಲಿನಿಂದ. ಕೌಂಟರಿನಲ್ಲಿದ್ದ ತೃಪ್ತಿ ಎಂಬ ಹುಡುಗಿ ನೋಟು ಎಣಿಸಿಕೊಂಡು ನಂಬರ್ ಕೇಳಿದಳು. ಚಂದ್ರಬಾಯಿ ಯೋಚಿಸಲೇ ಇಲ್ಲ, ಅಂಬಾದಾಸನ ಹತ್ತು ಅಂಕಿ ಗಡಗಡ ಹೇಳಿದಳು. ಆ ಅಂಗಡಿಯಲ್ಲಿ ಈಗ ಬಿಲ್ಲು ಬರುವುದು ಫೋನಿಗೇ. ಕಾಗದದ ಬಿಲ್ಲು ಬೇಕಾದವರು ಕೇಳಿ ಪಡೆಯಬಹುದೆಂದು ಕೌಂಟರಿನ ಮೂಲೆಯಲ್ಲಿ ಬೆರಳುದ್ದದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ವಾರಕ್ಕೆರಡು ಸಲ ಆ ಫಲಕವನ್ನು ಒರೆಸುತ್ತಿದ್ದವಳು ಅವಳೇ.

ಐದು ಗಂಟೆಗೆ ಕೆಲಸ ಬಿಟ್ಟು ಹೊರಟಾಗ ಹಿಂದಿನ ಬಾಗಿಲಲ್ಲಿ ಸೆಕ್ಯುರಿಟಿಯವನು ಚೀಲ ತೆರೆಸಿ ಬಿಲ್ಲು ಕೇಳಿದ. ಅವಳ ಫೋನಿನಲ್ಲಿ ಏನಿದೆ, ತೋರಿಸುವುದಕ್ಕೆ? ಮ್ಯಾನೇಜರ್ ರಿತೇಶ್ ಬಂದ. ಮಂಗಳೂರು ಕಡೆಯವರ ಮಗ, ಹುಟ್ಟಿದ್ದು ಠಾಣೆಯಲ್ಲಿ. ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಕಂಪ್ಯೂಟರಿನಲ್ಲಿ ಹುಡುಕಿದ. ಕುಕ್ಕರಿನ ಬಿಲ್ಲು ಇತ್ತು, ಆದರೆ ಅಂಬಾದಾಸ ಎಂಬ ಗಿರಾಕಿಯ ಹೆಸರಿನಲ್ಲಿ. ಕೆಲಸದವರು ಏನೇ ಕೊಂಡರೂ ಬಿಲ್ಲು ಅವರ ಸ್ವಂತ ನಂಬರಿಗೇ ಬರಬೇಕು, ಅಂಗಡಿಯ ನಿಯಮ. ಬೇರೆಯವರ ಬಿಲ್ಲು ತೋರಿಸಿ ಸಾಮಾನು ಸಾಗಿಸುವುದು ಹಳೆಯ ಆಟ ಎಂದ.

"ನಮ್ಮ ಗಲ್ಲಿ ಮಂದಿ ಎಲ್ಲಾ ಅದೇ ನಂಬರ್ ಕೊಡ್ತೀವ್ರಿ ಸಾಹೇಬ್ರ. ಆ ಹುಡುಗಿಗಿ ಕೇಳ್ರಿ," ಎಂದಳು ಚಂದ್ರಬಾಯಿ.

ತೃಪ್ತಿ ನಾಲ್ಕಕ್ಕೇ ಮನೆಗೆ ಹೋಗಿದ್ದಳು, ಲೋಕಲ್ ರೈಲಿನ ಗದ್ದಲದಲ್ಲಿ ಫೋನ್ ಎತ್ತಲಿಲ್ಲ. ಅಂಬಾದಾಸ ಕಲ್ಯಾಣದಲ್ಲಿ ಸ್ಲ್ಯಾಬ್ ಹಾಕಿಸುತ್ತಿದ್ದ, ಅವನೂ ಎತ್ತಲಿಲ್ಲ. ರಿತೇಶ್ ಒಂದು ಅಚ್ಚಾದ ಕಾಗದ ಮುಂದಿಟ್ಟ. "ಸಾಮಾನ್ ಇಧರ್ ರಖಾ, ಬಸ್ ಇತನಾ ಲಿಖಾ ಹೈ. ಸೈನ್ ಕರೋ ಮೌಸಿ, ಘರ್ ಜಾಓ."

ಸಾಮಾನು ಇಲ್ಲಿಟ್ಟಿದೆ ಎಂದಷ್ಟೇ ಅದರಲ್ಲಿದೆಯಂತೆ; ಅವಳು ಸಹಿ ಹಾಕಿದಳು. ಮನೆಗೆ ಹೋಗು ಎಂದವನ ಮಾತನ್ನು ನಂಬದೆ ಇನ್ನೇನು ಮಾಡಬೇಕಿತ್ತು, ಪಾಪ?

ಸಂಜೆ ಅಂಬಾದಾಸ ಫೋನ್ ತೆಗೆದು ನೋಡಿದರೆ ಬಿಲ್ಲು ಅಲ್ಲೇ ಕೂತಿತ್ತು. "ಸಹಿ ಯಾಕ್ ಮಾಡಿದ್ಯಕ್ಕಾ, ನಾ ಬರೋತನಕ ತಡೀಬಾರ್ದಾ?" ಎಂದ.

"ಪೊಲೀಸರಿಗಿ ಕರೀತಾರೇನೋ ಅಂತ ಅಂಜಿಕಿ ಬಂತಣ್ಣಾ," ಎಂದಳು. ಆ ರಾತ್ರಿ ಕಳ್ಳಿ ಅನಿಸಿಕೊಂಡ ಸಂಕಟಕ್ಕಿಂತ, ಓದದ ಕಾಗದಕ್ಕೆ ತಾನೇ ಸಹಿ ಹಾಕಿ ಬಂದೆನಲ್ಲ ಎಂಬ ಸಂಕಟ ದೊಡ್ಡದಾಗಿತ್ತು.

ಮರುದಿನ ಅಂಬಾದಾಸ ಒಂದು ದಿನದ ಪಗಾರ ಬಿಟ್ಟು ಅವಳ ಜೊತೆ ಬಂದ. ಫೋನಿನಲ್ಲಿದ್ದ ಬಿಲ್ಲು ತೋರಿಸಿದ. ತೃಪ್ತಿಯೂ ಬಂದು, ಹೌದು, ಈ ಮೌಸಿಯೇ ದುಡ್ಡು ಕೊಟ್ಟದ್ದು ಎಂದಳು. ರಿತೇಶ್ ಎಲ್ಲವನ್ನೂ ನೋಡಿದ, ತಲೆಯಾಡಿಸಿದ, ಕುಕ್ಕರನ್ನು ಮರ್ಯಾದೆಯಿಂದ ತಂದು ಕೊಟ್ಟ. ಆಮೇಲೆ ಹೇಳಿದ: ನಿನ್ನೆಯ ಕಾಗದ ಹೆಡ್ ಆಫೀಸಿಗೆ ಹೋಗಿಯಾಗಿದೆ. ಅದರಲ್ಲಿ ಕಳವು ಒಪ್ಪಿಕೊಂಡಿದ್ದೇನೆ ಎಂದೇ ಬರೆದಿದೆ. ಏಜೆನ್ಸಿಯವರು ಅವಳ ಫೋಟೋವನ್ನು ತಾವು ಜನ ಕಳಿಸುವ ಎಲ್ಲ ಅಂಗಡಿಗಳಿಗೆ ಕಳಿಸಿದ್ದಾರೆ. ತನ್ನ ಕೈಯಲ್ಲಿ ಏನೂ ಇಲ್ಲ.

ಕೆಲಸ ಹೋಯಿತೆಂಬುದು ಚಂದ್ರಬಾಯಿಗೆ ಅಷ್ಟರಲ್ಲೇ ತಿಳಿಯಿತು. ಅದನ್ನು ಕೇಳುವ ಗೋಜಿಗೆ ಅವಳು ಹೋಗಲಿಲ್ಲ.

"ಕದ್ದೀನಿ ಅಂತ ಒಂದು ಕಾಗದಕ್ಕ ಸಹಿ ತಗೊಂಡ್ರಿ," ಎಂದಳು. "ಕದ್ದಿಲ್ಲ ಅಂತ ಇನ್ನೊಂದು ಕಾಗದ ತರ್ರಿ. ಅದಕ್ಕ ನೀವು ಸಹಿ ಹಾಕ್ರಿ."

ರಿತೇಶ್ ನಿಜಕ್ಕೂ ಮೇಜಿನ ಖಾನೆ ಎಳೆದು, ಅಂಥ ಫಾರ್ಮು ಇದೆಯೇ ಎಂದು ನೋಡಿದ. ಆ ಮಟ್ಟಿಗೆ ಅವನು ಕೆಟ್ಟವನಲ್ಲ.

"ಐಸಾ ಫಾರ್ಮ್ ನಹೀಂ ಹೋತಾ, ಮೌಸಿ," ಎಂದ.