ಸುಧೀರನ ಅನ್ನದ ಪೆಟ್ಟಿಗೆ

ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ಸುಧೀರನಿಗೆ ಸಮುದ್ರ ಒಗ್ಗಲಿಲ್ಲ. ಹದಿನೆಂಟನೇ ವಯಸ್ಸಿಗೆ ಲೀಲಾಧರಣ್ಣನ ಬೋಟು ಹತ್ತಿದ. ನದಿ ಕಡಲು ಸೇರುವ ಅಳಿವೆ ದಾಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ ಎಂದರು, ಆಮೇಲೆ ಒಂದು ತಿಂಗಳು ಎಂದರು. ಎರಡು ವರ್ಷ ಕಳೆದರೂ ಅದೇ ಕಥೆ. ಹೊಸಬನೆಂದು ಬೋಟಿನ ಅಡುಗೆ ಅವನ ಪಾಲಿಗೆ ಬಂದಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಬೋಟಿನ ಅಂಚು ಹಿಡಿದುಕೊಂಡೇ ಅವನು ಮೀನು ಸಾರು ಮಾಡಲು ಕಲಿತ. ಕೊನೆಗೆ ಲೀಲಾಧರಣ್ಣನೇ, "ನೀ ದಡದಗೇ ಇರ್ ಮಾರಾಯಾ, ನಿನ್ನ್ ಕಂಡ್ರೆ ನಮ್ಗೂ ವಾಂತಿ ಬತ್ತ್" ಎಂದು ಬಂದರಿನ ಪಕ್ಕದ ಐಸ್ ಪ್ಲಾಂಟಿನಲ್ಲಿ ಕೆಲಸ ಕೊಡಿಸಿದರು. ಅಲ್ಲಿಗೆ ಸೇರಿ ಈಗ ಹನ್ನೆರಡು ವರ್ಷವಾಯಿತು.

ಅವನ ಕೈ ಸುಮ್ಮನಿರುವ ಕೈಯಲ್ಲ. ಬೋಟಿನವರು ಎಸೆದ ಹರಕು ಬಲೆ ಅವನ ಮನೆಯ ಹಿತ್ತಲಲ್ಲಿ ಬಸಳೆಯ ಚಪ್ಪರವಾಗಿದೆ. ಒಡೆದ ನೀಲಿ ಡ್ರಮ್ಮಿನ ತಳ ಮಕ್ಕಳ ಸ್ನಾನದ ತೊಟ್ಟಿಯಾಗಿದೆ. ಕೆಟ್ಟ ಟೇಬಲ್ ಫ್ಯಾನಿನ ಜಾಲರಿಯ ಮೇಲೆ ತೊಳೆದ ಲೋಟಗಳು ಬೋರಲು ಬಿದ್ದು ಒಣಗುತ್ತವೆ. "ನಮ್ಮನಿಯಗೆ ಗುಜರಿಯವ್ರಿಗೆ ಕೊಡುಕೆ ಎಂತದೂ ಉಳುದಿಲ್ಲೆ" ಎಂದು ಹೆಂಡತಿ ದಿವ್ಯಾ ನಗುತ್ತಾಳೆ.

ಕಳೆದ ವರ್ಷ ಮಾರ್ಚಿನಲ್ಲಿ ಆ ದಿವ್ಯಾಳಿಗೆ ಅಂಚೆ ಇಲಾಖೆಯ ಕೆಲಸದ ಆದೇಶ ಬಂತು. ಶಂಕರನಾರಾಯಣದ ಹತ್ತಿರದ ಹಳ್ಳಿಯೊಂದರ ಶಾಖಾ ಅಂಚೆ ಕಚೇರಿ. ಬೆಳಿಗ್ಗೆ ಏಳು ಗಂಟೆಗೆ ಬಸ್ಸು ಹತ್ತಿದರೆ ಮನೆಗೆ ಬರುವುದು ಮೂರು ಗಂಟೆಗೆ. ದೊಡ್ಡ ಮಗಳು ಪ್ರಣೀತಾಗೆ ಆಗ ಐದು ವರ್ಷ, ಚಿಕ್ಕವಳು ಸೀತು ಆಗತಾನೆ ಅಂಬೆಗಾಲಿಡಲು ಶುರು ಮಾಡಿದ್ದಳು. ಸುಧೀರನ ತಾಯಿ ವನಜಮ್ಮ ಬೆಳಗಾಗುವ ಮೊದಲೇ ಬುಟ್ಟಿ ಹೊತ್ತು ಮೀನು ಮಾರಲು ಹೋದರೆ ಮಧ್ಯಾಹ್ನದವರೆಗೆ ಸಿಗುವವರಲ್ಲ. ದಿವ್ಯಾ ಆದೇಶದ ಕಾಗದ ಕೈಯಲ್ಲಿ ಹಿಡಿದು ಮಕ್ಕಳ ಮುಖ ನೋಡುತ್ತ ಕೂತಿದ್ದಳು.

"ಎಂತಕೆ ಹಾಂಗ್ ಕೂಕಂಡಿದ್ದೆ? ನಾ ಮಧ್ಯಾಹ್ನದ ಪಾಳಿ ತಕಂತೆ. ಬೆಳಿಗ್ಗಿ ಮಕ್ಕಳೂ ನಂದೆ, ಅಡ್ಗಿಯೂ ನಂದೆ" ಎಂದ ಸುಧೀರ.

"ನಿಮ್ಗೆ ಮೀನ್ ಸಾರ್ ಬಿಟ್ರೆ ಎಂತ ಬತ್ತ್?"

"ಬಾರದಿರೆ ಕಲ್ತ್ರಾಯ್ತ್."

ಕಲಿತದ್ದು ಅವನದೇ ರೀತಿಯಲ್ಲಿ. ಕಲ್ಲಂಗಡಿ ಹಣ್ಣು ತಿಂದು ಉಳಿದ ಬಿಳಿ ಭಾಗವನ್ನು ತುರಿದು ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ದ. ನಿನ್ನೆಯ ಅನ್ನಕ್ಕೆ ಈರುಳ್ಳಿ, ಹಸಿಮೆಣಸು, ಒಂದು ಹಿಡಿ ಅಕ್ಕಿ ಹಿಟ್ಟು ಹಾಕಿ ಬಾಳೆಲೆಯ ಮೇಲೆ ತಟ್ಟಿ ರೊಟ್ಟಿ ಮಾಡಿದ. ಬಿದ್ದ ಮಾವಿನಕಾಯಿಯನ್ನು ಒಣ ಸಿಗಡಿಯ ಚಟ್ನಿಗೆ ಸೇರಿಸಿದ. ಕೆಲವು ಸಲ ಕೆಟ್ಟಿತು. ಹಲಸಿನ ಬೀಜದ ಉಂಡೆಯನ್ನು ಪ್ರಣೀತಾ ಗೋಡೆಗೆ ಎಸೆದಳು. ಅದು ಒಡೆಯಲಿಲ್ಲ, ಚೆಂಡಿನ ಹಾಗೆ ಹಾರಿತು. ಅಪ್ಪ ಮಗಳು ಇಬ್ಬರೂ ಅದರಲ್ಲೇ ಆಡಿದರು.

ಅವನನ್ನು ಸೋಲಿಸಿದ್ದು ಅನ್ನ. ಆ ಮನೆಯಲ್ಲಿ ಉಣ್ಣುವುದು ಕುಚ್ಚಲಕ್ಕಿ. ಅದು ಬೇಯಲು ಗಂಟೆಗಟ್ಟಲೆ ಬೇಕು, ನಡುನಡುವೆ ನೋಡಬೇಕು, ನೀರು ಹೊಯ್ಯಬೇಕು, ಉಕ್ಕಿದರೆ ಒರೆಸಬೇಕು. ಕುಕ್ಕರಿನ ಸೀಟಿಗೆ ಸೀತು ನಿದ್ದೆಯಿಂದ ಬೆಚ್ಚಿ ಎದ್ದು ಅರ್ಧ ಗಂಟೆ ಅಳುತ್ತಿದ್ದಳು. ವನಜಮ್ಮನಿಗೋ ಕುಕ್ಕರಿನ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಾತ್ರೆಯಲ್ಲಿ ಇಟ್ಟು ಆಚೆ ಹೋದರೆ ಮಗು ಒಲೆಯ ಕಡೆಗೆ ಬರುತ್ತಿತ್ತು, ಮಗುವಿನ ಹಿಂದೆ ಹೋದರೆ ಅನ್ನ ತಳ ಹಿಡಿಯುತ್ತಿತ್ತು. ಒಂದೇ ವಾರದಲ್ಲಿ ಮೂರು ಸಲ ಸೀದ ಅನ್ನ ಉಂಡ ಮೇಲೆ ವನಜಮ್ಮ, "ನಾಳಿಂದ ನಾ ಮೀನಿಗೆ ಹೋತಿಲ್ಲೆ, ಮನಿಯಗೇ ಇರ್ತೆ" ಎಂದರು. ಮೂವತ್ತು ವರ್ಷದಿಂದ ಮಾಡಿದ ವ್ಯಾಪಾರ ತನ್ನ ಅನ್ನದ ದೆಸೆಯಿಂದ ನಿಲ್ಲುವುದೆಂದರೆ ಸುಧೀರನಿಗೆ ಮುಖ ಎತ್ತಲಾಗಲಿಲ್ಲ.

"ಒಂದ್ ತಿಂಗ್ಳ್ ಟೈಮ್ ಕೊಡ್ ಅಮ್ಮ" ಎಂದ.

ಅಷ್ಟರಲ್ಲಿ ಜೂನ್ ಬಂತು. ಮಳೆಗಾಲದ ನಿಷೇಧ ಬಂದು ಯಂತ್ರದ ಬೋಟುಗಳು ದಡ ಸೇರಿದವು, ವನಜಮ್ಮನಿಗೆ ಮಾರಲು ನಾಡದೋಣಿಯ ಮೀನಷ್ಟೇ ಉಳಿಯಿತು, ಐಸ್ ಪ್ಲಾಂಟಿನಲ್ಲಿ ಯಂತ್ರಗಳಿಗೆ ಬಣ್ಣ ಬಳಿಯುವ ಕೆಲಸ ನಡೆಯಿತು. ಒಂದು ದಿನ ಮಧ್ಯಾಹ್ನ ಜೊತೆಗಾರ ಸೋಮ ಮುಚ್ಚಳದ ಸ್ಟೀಲ್ ಕ್ಯಾನಿನಲ್ಲಿ ಚಾ ತಂದ. ಗಾಳಿ ಮಳೆ ಜೋರಿತ್ತು. ಚಾ ಆರದಿರಲೆಂದು ಕ್ಯಾನಿಗೆ ಗೋಣಿ ಸುತ್ತಿ ಖಾಲಿ ಬಿದ್ದಿದ್ದ ಥರ್ಮಾಕೋಲಿನ ಮೀನಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. ಸೋರುವ ಮಾಡಿಗೆ ಶೀಟು ಕಟ್ಟುವ ಗಡಿಬಿಡಿಯಲ್ಲಿ ಇಬ್ಬರೂ ಅದನ್ನು ಮರೆತರು. ಎರಡು ಗಂಟೆ ಬಿಟ್ಟು ನೆನಪಾಗಿ ಲೋಟಕ್ಕೆ ಬಗ್ಗಿಸಿದರೆ ಇನ್ನೂ ಊದಿ ಕುಡಿಯುವಷ್ಟು ಬಿಸಿ!

ಸುಧೀರ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತುಬಿಟ್ಟ.

"ಎಂತ ಮಾರಾಯಾ, ಚಾ ಕುಡುದ್ ಬಿಟ್ಟ್ ಅದ್ರ ಮೋರಿ ಕಾಂತಿದ್ಯಲ್ಲ?" ಎಂದ ಸೋಮ.

"ಸೋಮಾ, ಐಸ್ ಕರಗ್‌ದ ಹಾಂಗೆ ಕಾಯು ಪೆಟ್ಗಿ, ಬಿಸಿ ಆರ್‌ದ ಹಾಂಗೂ ಕಾಯ್ತ್ ಅಲ್ದಾ?"

"ಕಾಯ್ತ್. ಅದ್ಕೆಂತ ಈಗ?"

"ಬಿಸಿ ಆರ್ದಿರೆ ಅಕ್ಕಿ ಅದ್ರಷ್ಟಕ್ಕೇ ಬೇಯುದಿಲ್ಯಾ?"

ಹನ್ನೊಂದು ವರ್ಷ ಚಳಿಯನ್ನು ಕಾದವನಿಗೆ ಬಿಸಿಯನ್ನೂ ಕಾಯಬಹುದೆಂದು ಹೊಳೆದದ್ದು ಆ ಗಳಿಗೆಯಲ್ಲಿ. ಬೋಟುಗಳಿಲ್ಲದ ಕಾಲವಾದ್ದರಿಂದ ಐದು ಗಂಟೆಗೇ ಕೆಲಸ ಬಿಟ್ಟವನು ಮಳೆಯಲ್ಲೇ ಪೆಟ್ಟಿಗೆಯೊಂದನ್ನು ತಲೆಯ ಮೇಲೆ ಹೊತ್ತು ಮನೆಗೆ ಓಡಿದ. ಹುಣಸೆಹುಳಿ ಹಾಕಿ ಮೂರು ಸಲ ತಿಕ್ಕಿದ ಮೇಲೆ ಮೀನಿನ ವಾಸನೆ ಹೋಯಿತು.

ಮರುದಿನ ಬೆಳಿಗ್ಗೆ ಅಕ್ಕಿ ಕುದಿಯುತ್ತಿದ್ದ ಹಾಗೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಹಾಗೆಯೇ ಪೆಟ್ಟಿಗೆಯೊಳಗಿಟ್ಟ. ಮಧ್ಯಾಹ್ನ ತೆಗೆದರೆ ಪಾತ್ರೆ ಮೇಲೆ ಬರಲೊಲ್ಲದು. ಬಿಸಿಗೆ ಥರ್ಮಾಕೋಲು ಕರಗಿ ಪಾತ್ರೆಯ ತಳಕ್ಕೆ ಅಂಟಿ ಕೂತಿತ್ತು. ಅನ್ನವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಮೀನು ಮಾರಿ ಬಂದ ವನಜಮ್ಮ ಬುಟ್ಟಿ ಇಳಿಸಿ ನೋಡಿದರು.

"ಬೆಂಕಿ ಇಲ್ದೆ ಅನ್ನ ಬೇಯ್ತ್ ಅಂಬ್ದ್ ನಾ ಎಲ್ಲೂ ಕೇಂಡದ್ದಿಲ್ಲೆ. ನಿಂಗೆಂತ ಮರ್ಲಾ?"

ಸುಧೀರ ಇನ್ನೊಂದು ಪೆಟ್ಟಿಗೆ ತಂದ. ಈ ಸಲ ತಳಕ್ಕೆ ಹಲಗೆ ಇಟ್ಟು ಸುತ್ತ ಹಳೆಯ ಬಟ್ಟೆ ತುರುಕಿದ. ಪೆಟ್ಟಿಗೆ ಉಳಿಯಿತು, ಅಕ್ಕಿ ಮಾತ್ರ ಹಲ್ಲಿಗೆ ಸಿಕ್ಕಿತು. ಪ್ರಣೀತಾ "ಅಪ್ಪಾ, ಬೆಂದಿತಾ?" ಎಂದು ಕೇಳಿದಾಗಲೆಲ್ಲ ಅವನಿಗೂ ತಡೆಯಲಾಗದೆ ಮುಚ್ಚಳ ತೆಗೆದು ತೆಗೆದು ನೋಡಿದ್ದ. ಅಂದು ಮೀನು ಸಿಗದೆ ಬೇಗ ಮರಳಿ ಹಿತ್ತಲಲ್ಲಿ ಕೂತು ಈ ಸಂಭ್ರಮವನ್ನೆಲ್ಲ ನೋಡುತ್ತಿದ್ದ ವನಜಮ್ಮ ಎದ್ದು ಬಂದರು.

"ಮುಚ್ಚಿಟ್ಟದ್ದನ್ನ್ ಗಳಿಗಿಗೊಂದ್ ಸಲ ತೆಗುದ್ ಕಂಡ್ರೆ ಬಿಸಿ ಒಳ್ಗ್ ನಿಲ್ತಾ? ಬಾಳೆಗೊನಿ ಹಣ್ಣಿಗ್ ಹಾಕ್ದವ್ರ್ ಹಾಂಗ್ ಮಾಡ್ತ್ರಾ? ಹರ್ಕ್ ಬಟ್ಟಿ ಎಲ್ಲ ತೆಗಿ. ಉಮಿ ಬೇಕ್ ಅದ್ಕೆ."

ಸುಧೀರ ತಾಯಿಯ ಮುಖ ನೋಡಿದ. ಬೈಯಲು ಬಂದವರು ಕೆಲಸಕ್ಕೇ ಇಳಿದಿದ್ದರು!

ಉಮಿ ಎಂದರೆ ಭತ್ತದ ಹೊಟ್ಟು, ಅದು ದಿವ್ಯಾಳ ತವರು ಬಿಜೂರಿನಿಂದ ಬಂತು, ಒಂದು ಚೀಲ ತುಂಬ. ದಿವ್ಯಾ ಹಳೆಯ ಸೀರೆ ಹರಿದು ಉದ್ದನೆಯ ದಿಂಬಿನ ಹಾಗೆ ಹೊಲಿದಳು, ಪ್ರಣೀತಾ ತೆಂಗಿನ ಚಿಪ್ಪಿನಲ್ಲಿ ಉಮಿ ತುಂಬಿದಳು. ಒಂದು ದಿಂಬು ಪಾತ್ರೆಯ ಸುತ್ತಲಿಗೆ, ಒಂದು ಮೇಲಕ್ಕೆ. ತಳಕ್ಕೆ ವನಜಮ್ಮ ಬೈಹುಲ್ಲಿನ ದಪ್ಪ ಸಿಂಬೆ ಕಟ್ಟಿದರು. ಸೀತು ಉಮಿಯಲ್ಲೇ ಹೊರಳಿ ಮೈಯೆಲ್ಲ ತುರಿಸಿಕೊಂಡು ಕಿರುಚಿದಳು, ಅವಳನ್ನು ನೀಲಿ ತೊಟ್ಟಿಯಲ್ಲಿ ಮೀಯಿಸಿ ಮಲಗಿಸಿದ ಮೇಲೆ ಹೊಲಿಗೆ ಮುಂದುವರಿಯಿತು.

ಆದಿತ್ಯವಾರ ಎಲ್ಲರೂ ಮನೆಯಲ್ಲಿದ್ದರು. ಅಕ್ಕಿಯನ್ನು ಹದಿನೈದು ನಿಮಿಷ ಗಳಗಳ ಕುದಿಸಿ, ಹತ್ತು ಗಂಟೆಗೆ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು. ಸುಧೀರ ಗಡಿಯಾರ ನೋಡಿದ, ಪೆಟ್ಟಿಗೆ ನೋಡಿದ, ಅಂಗಳಕ್ಕೆ ಹೋಗಿ ಮತ್ತೆ ಬಂದ. ಅವನ ಕೈ ಮುಚ್ಚಳದ ಕಡೆಗೆ ಹೋಗುವುದನ್ನು ಕಂಡ ವನಜಮ್ಮ ಎಲೆಯಡಿಕೆಯ ಚೀಲ ಸಮೇತ ಬಂದು ಪೆಟ್ಟಿಗೆಯ ಮೇಲೆ ಒಂದು ಮಣೆ ಇಟ್ಟು ಕೂತೇ ಬಿಟ್ಟರು.

"ಗಂಟಿ ಒಂದ್ ಆಪೊರಿಗೆ ನಾ ಏಳುದಿಲ್ಲೆ. ಯಾರ್ ಬತ್ರಿ ಕಾಂಬ."

ದಿವ್ಯಾ ನಕ್ಕು ನಕ್ಕು ಗೋಡೆಗೊರಗಿದಳು. ಅಜ್ಜಿಯ ಕಾಲ ಬುಡದಲ್ಲಿ ಪ್ರಣೀತಾ ಪೆಟ್ಟಿಗೆಗೆ ಕಿವಿಯಾನಿಸಿ ಕೂತಳು. "ಒಳ್ಗ್ ಎಂತದೂ ಕೇಂತಿಲ್ಲೆ ಅಪ್ಪಾ" ಎಂದಾಗ ಸುಧೀರ ತಾನೂ ಮಂಡಿಯೂರಿ ಪೆಟ್ಟಿಗೆಗೆ ಕಿವಿ ಕೊಟ್ಟ.

ಒಂದು ಗಂಟೆಗೆ ವನಜಮ್ಮ ಎದ್ದರು. ಮುಚ್ಚಳ ತೆಗೆದದ್ದು ದಿವ್ಯಾ. ಮೇಲಿನ ದಿಂಬು ಎತ್ತುತ್ತಿದ್ದ ಹಾಗೆ ಬುಸ್ಸೆಂದು ಆವಿ ಬಂದು ಅವಳ ಮುಖ ಮುಚ್ಚಿತು. ಸುಧೀರ ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ತಾಯಿಯ ಕೈಗೆ ಹಾಕಿದ. ವನಜಮ್ಮ ಹಿಚುಕಿ ನೋಡಿದರು. ಅಗುಳು ನಡುವಿನವರೆಗೂ ಮೆತ್ತಗೆ, ಗಂಜಿ ಮಂದವಾಗಿ ಕೂತಿತ್ತು.

"ಬೆಂದಿತ್" ಎಂದರು. ಆಮೇಲೆ ಉಳಿದ ಅಗುಳನ್ನು ಬಾಯಿಗೆ ಹಾಕಿಕೊಂಡು, "ಸೌದಿ ಒಲಿ ಮೇಲೆ ಮಾಡ್ದ ಹಾಂಗೇ ಇತ್ತ್" ಎಂದರು.

ಸುಧೀರ ಎರಡೂ ಮಕ್ಕಳನ್ನು ಎತ್ತಿಕೊಂಡು ಅಡುಗೆಮನೆಯಲ್ಲೇ ಕುಣಿದ. ಅಂದು ಅನ್ನಕ್ಕೆ ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಮಾಡಿರಲಿಲ್ಲ, ಅದು ಯಾರ ಗಮನಕ್ಕೂ ಬರಲಿಲ್ಲ. ವನಜಮ್ಮ ಸೋಮವಾರ ಎಂದಿನ ಹಾಗೆ ಬುಟ್ಟಿ ಹೊತ್ತರು.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಹೊರಟವು. ಹೊರಡುವ ಮೊದಲು ವನಜಮ್ಮನ ಹತ್ತಿರ ಏನೋ ಮಾತಾಡಲು ಬಂದ ಲೀಲಾಧರಣ್ಣ ಅಡುಗೆಮನೆಯ ಮೂಲೆಯಲ್ಲಿ ಪೆಟ್ಟಿಗೆ ಕಂಡು, "ಮೀನ್ ಎಂತಕೆ ಒಳ್ಗ್ ತಂದಿಟ್ಟದ್?" ಎಂದರು. ಸುಧೀರ ಮುಚ್ಚಳ ತೆಗೆದು ತೋರಿಸಿ, ಹದಿನೈದು ನಿಮಿಷ ಕುದಿಸಿ ಮುಚ್ಚಿಡುವ ಕ್ರಮ ಹೇಳಿದ. ಬಿಸಿ ಗಂಜಿ ಕಂಡು ಲೀಲಾಧರಣ್ಣ ಅಲ್ಲೇ ಕುಕ್ಕುರುಗಾಲಲ್ಲಿ ಕೂತರು.

"ಅಲ್ದಾ ಮಾರಾಯಾ, ಬೋಟಗೆ ತೆರಿ ಇಪ್ಪತಿಗೆ ಒಲಿ ಮೇಲೆ ಪಾತ್ರಿ ನಿಲ್ಲುದಿಲ್ಲೆ. ಕಳ್ದ್ ವರ್ಷ ಗಂಜಿ ಚೆಲ್ಲಿ ಒಬ್ಬಂದ್ ಕಾಲ್ ಸುಟ್ಟಿತ್ತ್. ಇದ್ರಗಾರೆ ಹದ್ನೈದ್ ನಿಮಿಷ ಪಾತ್ರಿ ಹಿಡ್ಕಂಡ್ ನಿಂತ್ರೆ ಸಾಕಾ?"

"ಸಾಕ್. ಆಮೇಲ್ ಮುಚ್ಚಿ ಕಟ್ಟ್ರೆ ಮುಗೀತ್."

"ಹಾಂಗಾರೆ ನಂಗೊಂದ್ ಮಾಡಿ ಕೊಡ್. ನಾಡಿದ್ದ್ ಬೋಟ್ ಹೊರಡ್ತ್."

ಎರಡು ದಿನದಲ್ಲಿ ದೊಡ್ಡ ಪೆಟ್ಟಿಗೆಯೊಂದು ತಯಾರಾಯಿತು. ಅಲುಗಾಡದ ಹಾಗೆ ಬೋಟಿನ ಹಗ್ಗದ ಪಟ್ಟಿ, ನೀರು ಹೀರದ ಹಾಗೆ ದಿಂಬುಗಳಿಗೆ ಪ್ಲಾಸ್ಟಿಕ್ ಗವಸು. ಬೋಟು ಅಳಿವೆ ದಾಟಿ ಮರೆಯಾದ ಮೇಲೆ ಸುಧೀರನಿಗೆ ಕಳವಳ ಶುರುವಾಯಿತು. ಮನೆಯಲ್ಲಿ ಬೆಂದದ್ದು ಅಲ್ಲಿ ಬೇಯದಿದ್ದರೆ? ಎಂಟು ಜನ ಸಮುದ್ರದ ನಡುವೆ ಅರೆಬೆಂದ ಅಕ್ಕಿ ಉಣ್ಣಬೇಕಾದರೆ? ಮೂರು ದಿನ ಅವನ ಮನಸ್ಸು ಐಸ್ ಪ್ಲಾಂಟಿನಲ್ಲಿರಲಿಲ್ಲ.

ನಾಲ್ಕನೆಯ ದಿನ ಸಂಜೆ ನಾಲ್ಕು ಗಂಟೆಗೆ ಬೋಟು ಬಂತೆಂದು ಸೋಮ ಕೂಗಿದ. ಸುಧೀರ ಕೈಯಲ್ಲಿದ್ದ ಐಸ್ ಕೊಕ್ಕೆಯನ್ನು ಕೆಳಗಿಡುವುದನ್ನೂ ಮರೆತು ಬೋಟು ಕಟ್ಟುವ ಧಕ್ಕೆಗೆ ಓಡಿದ. ಬೋಟು ಇನ್ನೂ ದಡ ಮುಟ್ಟಿರಲಿಲ್ಲ. ಮುಂದಿನ ತುದಿಯಲ್ಲಿ ನಿಂತಿದ್ದ ಲೀಲಾಧರಣ್ಣ ಅವನನ್ನು ಕಂಡವರೇ ಎರಡೂ ಕೈ ಮೇಲೆತ್ತಿದರು.

"ಹ್ವಾಯ್ ಸುಧೀರಾ! ಬೆಂದಿತ್ ಮಾರಾಯಾ! ಮೂರ್ ದಿನವೂ ಬೆಂದಿತ್!"

ಧಕ್ಕೆಯಲ್ಲಿ ಹರಾಜಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಬೋಟಿನವರು ಮೀನಿನ ಸುದ್ದಿ ಬಿಟ್ಟು ಅನ್ನದ ಸುದ್ದಿ ಕೂಗುವುದನ್ನು ಅವರು ಅದೇ ಮೊದಲು ಕೇಳಿದ್ದು. ಸುಧೀರನಿಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ, ಕೊಕ್ಕೆಯನ್ನು ಬೆನ್ನ ಹಿಂದೆ ಹಿಡಿದು ನಗುತ್ತ ನಿಂತ. ಆ ತಿಂಗಳು ಇನ್ನೂ ನಾಲ್ಕು ಬೋಟಿನವರು ಪೆಟ್ಟಿಗೆ ಕೇಳಿ ಬಂದರು. ಅವನು ಮಾಡುವ ಕ್ರಮ ತೋರಿಸಿಕೊಟ್ಟ, ವನಜಮ್ಮ ಸಿಂಬೆ ಕಟ್ಟಿಕೊಟ್ಟರು.

ಅಕ್ಟೋಬರಿನ ಒಂದು ಶನಿವಾರ ದಿವ್ಯಾ ಹೊಸ ಮಾತೊಂದನ್ನು ತೆಗೆದಳು.

"ನಾಳೆ ಎಲ್ಲರೂ ಸೇರಿ ನನ್ ಆಫೀಸ್ ಕಾಂಬುಕೆ ಹೋಪನಾ? ಆಯ್ತಾರ ಬಾಗ್ಲ್ ಹಾಕಿರ್ತ್, ಆರೆ ಹೊರಗಿಂದ ಕಾಂಬುಕಾತ್ತ್."

ಆ ಮನೆಯವರು ಐದೂ ಜನ ಒಟ್ಟಿಗೆ ಹೊರಗೆ ಹೋದದ್ದೇ ಇರಲಿಲ್ಲ. ಮಧ್ಯಾಹ್ನದ ಗಂಜಿಗಾಗಿ ಒಬ್ಬರಾದರೂ, ಹೆಚ್ಚಾಗಿ ವನಜಮ್ಮ, ಮನೆಯಲ್ಲಿ ಉಳಿಯುವುದು ರೂಢಿ. ಈ ಸಲ ಬೆಳಿಗ್ಗೆ ಒಂದು ಪೆಟ್ಟಿಗೆಯಲ್ಲಿ ಅನ್ನ, ಹೊಸದಾಗಿ ಮಾಡಿದ ಇನ್ನೊಂದರಲ್ಲಿ ರಾತ್ರಿಯೇ ನೆನೆಹಾಕಿದ್ದ ಹುರುಳಿ ಕುದಿಸಿ ಇಟ್ಟು ಗ್ಯಾಸ್ ಬಂದ್ ಮಾಡಿದರು. ಬಾಗಿಲಿಗೆ ಬೀಗ ಹಾಕಿದ ಮೇಲೂ ವನಜಮ್ಮ ಎರಡು ಸಲ ಹಿಂದಿರುಗಿ ನೋಡಿದರು.

ಬಸ್ಸಿನಿಂದಿಳಿದು ಗದ್ದೆಯ ಬದಿಯಲ್ಲಿ ನಡೆದರೆ ಹಂಚಿನ ಮಾಡಿನ ಸಣ್ಣ ಕಟ್ಟಡ, ಗೋಡೆಗೆ ಕೆಂಪು ಡಬ್ಬಿ. ಪ್ರಣೀತಾ ಡಬ್ಬಿಯ ಬಾಯಿಗೆ ಕೈ ಹಾಕಿ ನೋಡಿದಳು. ವನಜಮ್ಮ ಸೆರಗಿನ ತುದಿಯಿಂದ ಕಿಟಕಿಯ ಗಾಜು ಒರೆಸಿ ಒಳಗೆ ಇಣುಕಿದರು.

"ನೀ ಕೂಕಂಬ್ದ್ ಆ ಕುರ್ಚಿಯಗಾ?"

"ಹೌದ್ ಅತ್ತೆ."

"ಫ್ಯಾನ್ ಇತ್ತಾ?"

"ಇತ್ತ್."

ವನಜಮ್ಮ ಇನ್ನೊಮ್ಮೆ ಇಣುಕಿ, ದಾರಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳನ್ನು ನಿಲ್ಲಿಸಿ, "ಇದ್ ನಮ್ ಸೊಸಿ ಆಫೀಸ್" ಎಂದರು. ಆ ಹೆಂಗಸು, "ನಂಗ್ ಗೊತ್ತಿಲ್ಯಾ, ನನ್ ಪಿಂಚಣಿ ಕೊಡುದ್ ಇವ್ರೇ ಅಲ್ದಾ" ಎಂದಾಗ ವನಜಮ್ಮನ ಮುಖ ನೋಡಬೇಕಿತ್ತು.

ಮನೆ ಮುಟ್ಟುವಾಗ ಎರಡು ಗಂಟೆ, ಎಲ್ಲರಿಗೂ ಹಸಿವೆಂದರೆ ಹಸಿವು. ಬೀಗ ತೆಗೆಯುತ್ತಿದ್ದ ಹಾಗೆ ಪ್ರಣೀತಾ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. ಹುರುಳಿ ಬೆರಳಲ್ಲಿ ಒತ್ತಿದರೆ ಹಿಟ್ಟಾಗುತ್ತಿತ್ತು. ಸುಧೀರ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ, ದಿವ್ಯಾ ಬಟ್ಟಲು ಇಟ್ಟಳು. ಸೀತು ಬಿಸಿ ಅನ್ನಕ್ಕೆ ತಾನೇ ಕೈ ಹಾಕಿ, ಬೆಚ್ಚಿ ಕೈ ತೆಗೆದು, ಮತ್ತೆ ಹಾಕಿದಳು. ವನಜಮ್ಮ ಎರಡನೆಯ ಸಲ ಸಾರು ಹಾಕಿಸಿಕೊಂಡು ಮಗನ ಕಡೆ ತಿರುಗಿದರು.

"ಬಪ್ಪ ಆಯ್ತಾರ ಎಲ್ಲಿಗ್ ಹೋಪ?"