ಎರಡು ನೀಲಿ ನೋಟು

ವಿಯೆಟ್ನಾಮಿಗೆ ಹೋಗಿ ಬಂದ ಮೇಲೆ ಎಲ್ಲರೂ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ಸಮುದ್ರ, ಬೆಟ್ಟ, ಹಳೇ ಪೇಟೆ ಎಂದು ಹೇಳಿ ಮುಗಿಸುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಎಂಟು ದಿನವೂ ನಾನು ನೋಡಿದ್ದು ಚಿಲ್ಲರೆಯನ್ನು. ಅಂಗಡಿಯವರು ವಾಪಸ್ಸು ಕೊಟ್ಟ ಒಂದೊಂದು ನೋಟನ್ನೂ ಬಿಸಿಲಿಗೆ ಹಿಡಿದು, ಎರಡೂ ಮಗ್ಗುಲು ತಿರುಗಿಸಿ ನೋಡಿದೆ. ಹಿಂದೆ ಸಮುದ್ರ ಇತ್ತಂತೆ, ಹೆಂಡತಿ ತೆಗೆದ ಫೋಟೋಗಳಲ್ಲಿದೆ. ಆ ಫೋಟೋಗಳಲ್ಲೆಲ್ಲ ನಾನು ತಲೆ ಬಗ್ಗಿಸಿಕೊಂಡು ಎಣಿಸುತ್ತಿದ್ದೇನೆ.

ನಾನು ಹುಟ್ಟಾ ಲೆಕ್ಕಿಗನೇನಲ್ಲ. ಶ್ರೀರಂಗಪಟ್ಟಣದ ಮನೆಯಿಂದ ಪಾಂಡವಪುರದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಿಜ. ಆದರೆ ಆ ಮೂವತ್ತು ವರ್ಷದಲ್ಲಿ ಕಂಡಕ್ಟರು ಟಿಕೀಟಿನ ಹಿಂದೆ ಬರೆದುಕೊಟ್ಟ ಬಾಕಿ ಚಿಲ್ಲರೆಯನ್ನು ಇಳಿಯುವಾಗ ಜ್ಞಾಪಕದಿಂದ ಕೇಳಿ ಪಡೆದದ್ದು ಅರ್ಧವೂ ಇರಲಾರದು. ನಾಗಮಂಗಲದಲ್ಲಿರುವ ತಂಗಿಯ ಮನೆಗೆ ಹೋಗುವಾಗ ಒಮ್ಮೆ ಐನೂರು ರೂಪಾಯಿ ಕೊಟ್ಟು, ಟಿಕೀಟು ಮಾತ್ರ ಹಿಡಿದುಕೊಂಡು ಇಳಿದುಬಿಟ್ಟಿದ್ದೆ. ತಂಗಿ ಕೊಟ್ಟ ಕಾಫಿ ಕುಡಿಯುವವರೆಗೂ ಅದು ತಲೆಗೇ ಬಂದಿರಲಿಲ್ಲ. ಮಾರನೆಯ ದಿನ ಅದೇ ಬಸ್ಸು ಹತ್ತಿದರೆ ಕಂಡಕ್ಟರು ನಗುತ್ತಾ ಎಣಿಸಿಕೊಟ್ಟ. ನಮ್ಮೂರಿನಲ್ಲಿ ಹೋದ ದುಡ್ಡಿಗೂ ವಾಪಸ್ಸು ಬರುವ ದಾರಿ ಗೊತ್ತಿರುತ್ತದೆ. ಬೇರೆ ದೇಶದಲ್ಲಿ ಆ ಭರವಸೆ ಇಲ್ಲ. ಹಾಗಾಗಿ ಜನ ಎಚ್ಚರ ಹೇಳಿ ಕಳಿಸುತ್ತಾರೆ.

ನಮಗೂ ಬೇಕಾದಷ್ಟು ಹೇಳಿ ಕಳಿಸಿದ್ದರು. ಹೊರಟವರು ನಾಲ್ಕು ಜನ: ನಾನು, ಹೆಂಡತಿ ಸರೋಜ, ಕ್ಯಾತನಹಳ್ಳಿಯ ಶಿವಣ್ಣ, ಅವನ ಹೆಂಡತಿ ಜಯಮ್ಮ. ಶಿವಣ್ಣ ನನ್ನ ಜೊತೆ ಓದಿದವನು. ಹತ್ತನೇ ತರಗತಿ ಆದಮೇಲೆ ನಾನು ಸೀಮೆಸುಣ್ಣ ಹಿಡಿಯುವ ದಾರಿಗೆ ಬಿದ್ದೆ, ಅವನು ಅಪ್ಪನ ಕಬ್ಬಿನ ಗದ್ದೆಗೆ ಇಳಿದ. ಈಗಲೂ ನಾನು ಅವನಿಗೆ ರಂಗನೇ. ಅವನನ್ನು ಬಿಟ್ಟರೆ ನನ್ನನ್ನು ‘ಲೇ’ ಎನ್ನುವವರು ಯಾರೂ ಉಳಿದಿಲ್ಲ.

ಅಲ್ಲಿಯ ದುಡ್ಡಿಗೆ ಡಾಂಗ್ ಎನ್ನುತ್ತಾರೆ. ನಮ್ಮ ಒಂದು ರೂಪಾಯಿಗೆ ಹತ್ತಿರ ಹತ್ತಿರ ಮುನ್ನೂರು ಡಾಂಗು. ಇಪ್ಪತ್ತೈದು ಸಾವಿರ ರೂಪಾಯಿ ಬದಲಿಸಿಕೊಂಡ ಮೇಷ್ಟ್ರು ನಿಂತ ನಿಲುವಿನಲ್ಲಿ ಎಪ್ಪತ್ತು ಲಕ್ಷಕ್ಕೂ ಮೇಲಿನ ಧಣಿಯಾದ. ತೊಂದರೆ ಸೊನ್ನೆಗಳದ್ದಲ್ಲ, ಬಣ್ಣದ್ದು. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಒಂದು ನಮ್ಮ ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರಕ್ಕೂ ಹೆಚ್ಚು. ಪಕ್ಕಪಕ್ಕದಲ್ಲಿಟ್ಟರೆ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಆದರೆ ದುಡ್ಡು ಕೊಡುವಾಗ ಪಕ್ಕಪಕ್ಕ ಇಟ್ಟು ನೋಡುವವರು ಯಾರು?

ಮೊದಲನೇ ದಿನವೇ ಏಟು ಬಿತ್ತು. ದನಾಂಗ್ ಎಂಬ ಊರಿನಲ್ಲಿ ಟ್ಯಾಕ್ಸಿ ಇಳಿಯುವ ಮುಂಚೆ ನಾನು ಐದು ಲಕ್ಷದ ನೋಟು ಕೊಟ್ಟೆ. ಚಾಲಕ ಸೀಟಿನ ಕಡೆ ಬಗ್ಗಿ ಎದ್ದವನು ಇಪ್ಪತ್ತು ಸಾವಿರದ ನೋಟು ತೋರಿಸಿ, ನೀನು ಕೊಟ್ಟದ್ದು ಇದು, ಇನ್ನೂ ಕೊಡು ಎಂದು ಸನ್ನೆ ಮಾಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅವನು ಅವನ ಭಾಷೆಯಲ್ಲಿ ಹೇಳಿದ. ಕೊನೆಗೆ ಇನ್ನೊಮ್ಮೆ ಕೊಟ್ಟು ಇಳಿದೆ.

“ಬುಡ್ಲಾ ಅತ್ಲಾಗೆ” ಎಂದ ಶಿವಣ್ಣ. “ಜಗಳ ಆಡಕ್ಕಾದ್ರೂ ಬಾಸೆ ಬರ್ಬೇಕಲ್ಲ.”

ನಾನು ಬಿಡಲಿಲ್ಲ. ಅಂದಿನಿಂದ ಒಂದು ಚೀಟಿ ಇಟ್ಟುಕೊಂಡೆ. ಬೆಳಿಗ್ಗೆ ಯಾವ ನೋಟು ಎಷ್ಟಿದೆ ಎಂದು ಬರೆಯುವುದು, ಸಂಜೆ ತಾಳೆ ನೋಡುವುದು. ಎಳನೀರಿನವನ ಮುಂದೆ ಎಣಿಸಿದೆ, ಟೋಪಿ ಮಾರುವವಳ ಮುಂದೆ ಎಣಿಸಿದೆ, ಶೌಚಾಲಯದ ಬಾಗಿಲಲ್ಲಿ ಕೂತಿದ್ದ ಮುದುಕನ ಮುಂದೆಯೂ ಎಣಿಸಿದೆ. ಒಬ್ಬರೂ ಒಂದು ಡಾಂಗು ಕಡಿಮೆ ಕೊಡಲಿಲ್ಲ. ಅದರಿಂದ ನೆಮ್ಮದಿಯಾಗಬೇಕಿತ್ತು. ಆದರೆ ನನಗೆ ಇವರೆಲ್ಲ ಸಮಯ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಮೂರನೇ ದಿನದ ಹೊತ್ತಿಗೆ ಕತ್ತು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಪರೀಕ್ಷೆಯ ಪತ್ರಿಕೆ ತಿದ್ದುವಾಗಲೂ ನನಗೆ ಅಷ್ಟು ಸುಸ್ತಾಗುತ್ತಿರಲಿಲ್ಲ.

“ಊರಲ್ಲಿ ತರಕಾರಿಯವಳ ಹತ್ತಿರ ನೀವು ಚಿಲ್ಲರೆ ಎಣಿಸಿದ್ದನ್ನ ನಾನು ನೋಡೇ ಇಲ್ಲ” ಎಂದಳು ಸರೋಜ. “ಇಲ್ಲಿ ಬಂದು ಯಾಕೆ ಹೀಗಾಡ್ತೀರಿ?”

ನಾಲ್ಕನೇ ದಿನ ಟೂರಿನವರು ಬೇರೆ ಪ್ರವಾಸಿಗಳ ಜೊತೆ ನಮ್ಮನ್ನೂ ಬಸ್ಸಿನಲ್ಲಿ ಹೋಯಿಆನ್ ಎಂಬ ಹಳೇ ಊರಿಗೆ ಕರೆದೊಯ್ದರು. ಅಲ್ಲಿಯ ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬ ಹೆಂಗಸು ಚಕ್ಕೋತದ ತೊಳೆ ಬಿಡಿಸಿ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ನನ್ನ ತಂಗಿಯ ವಯಸ್ಸು. ಸೊಂಟದಲ್ಲಿ ನಮ್ಮ ಕಡೆಯ ಅಜ್ಜಿಯರ ಸಂಚಿಯಂಥದ್ದೇ ಒಂದು ಚೀಲ. ಎರಡು ಪೊಟ್ಟಣಕ್ಕೆ ಅರವತ್ತು ಸಾವಿರ. ನೀಲಿ ನೋಟು ಕೊಟ್ಟೆ. ಅವಳು ತೆಗೆದುಕೊಂಡು, ಇನ್ನೂ ಕೊಡು ಎಂದು ಅಂಗೈ ಚಾಚಿದಳು. ಐದು ಲಕ್ಷ ಕೊಟ್ಟಿದ್ದೇನಲ್ಲ ಎಂದೆ. ಅವಳು ನೋಟನ್ನು ಎತ್ತಿ ತೋರಿಸಿದಳು. ಇಪ್ಪತ್ತು ಸಾವಿರ.

ಟ್ಯಾಕ್ಸಿಯವನು ತೋರಿಸಿದ್ದೂ ಹೀಗೆಯೇ. ನನಗೆ ನೆತ್ತಿ ಕಾಯಿತು. ಹಿಂದಿನ ಬೆಂಚಿನಲ್ಲಿ ಕಾಪಿ ಹೊಡೆದವನನ್ನು ಎಬ್ಬಿಸಿ ನಿಲ್ಲಿಸುವ ದನಿ ಬಂತು. ಕೈ ಬೀಸಿದೆ, ಪೊಲೀಸು ಎಂದೆ. ಆ ಮಾತು ಎಲ್ಲ ದೇಶದವರಿಗೂ ಅರ್ಥವಾಗುತ್ತದೆ. ಜನ ಸೇರಿದರು. ನಮ್ಮ ಗೈಡ್ ಹುಡುಗಿ ಓಡಿ ಬಂದು ಅವಳ ಜೊತೆ ಮಾತಾಡಿದಳು. ಆ ಹೆಂಗಸು ನನ್ನನ್ನು ನೋಡಿದಳು, ಸುತ್ತ ನಿಂತವರನ್ನು ನೋಡಿದಳು. ಆಮೇಲೆ ಕೂತು, ಸಂಚಿ ಬಿಚ್ಚಿ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ಒಂದೊಂದಾಗಿ ಬಿಡಿಸಿಟ್ಟು ನಾಲ್ಕು ಲಕ್ಷದ ನಲವತ್ತು ಸಾವಿರ ಕೊಟ್ಟಳು. ಹಣ್ಣಿನ ರಸಕ್ಕೆ ನೋಟುಗಳು ಅಂಟುತ್ತಿದ್ದವು. ನಾನು ಎರಡು ಸಲ ಎಣಿಸಿಕೊಂಡೆ. ಬಸ್ಸಿನಲ್ಲಿ ಇಬ್ಬರು ಮೂವರು ಭೇಷ್ ಎಂದರು. ಚಕ್ಕೋತ ಬಹಳ ಸಿಹಿಯಾಗಿತ್ತು.

ಸಂಜೆ ಹೋಟೆಲಿನಲ್ಲಿ ಚೀಟಿ ತೆಗೆದೆ. ಐದು ಲಕ್ಷದ್ದು ಮೂರು ಎಂದು ಬೆಳಿಗ್ಗೆ ಬರೆದಿದ್ದೆ. ಎಣಿಸಿದರೆ ಮೂರೂ ಇದ್ದವು. ಇಪ್ಪತ್ತು ಸಾವಿರದ್ದು ಒಂದು ಕಡಿಮೆ.

ಹಾಸಿಗೆಯ ಮೇಲೆಲ್ಲ ಹರಡಿ ಮತ್ತೆ ಎಣಿಸಿದೆ. ಸರೋಜ ನೋಡುತ್ತಾ ನಿಂತಿದ್ದಳು. ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಮಾತಿಗೆ ಮಾತು ಬೆಳೆಸಿ ಸ್ವಲ್ಪ ಹಗುರಾಗಬಹುದಿತ್ತು. ಗೈಡ್ ಹುಡುಗಿಗೆ ಫೋನು ಮಾಡಿ, ಆ ಹೆಂಗಸು ತಪ್ಪು ಮಾಡದಿದ್ದರೆ ದುಡ್ಡು ಯಾಕೆ ಕೊಟ್ಟಳು ಎಂದು ಕೇಳಿದೆ. ಪ್ರವಾಸಿಗಳು ಗಲಾಟೆ ಮಾಡಿದರೆ ಅವಳನ್ನು ಆ ಜಾಗದಿಂದ ಎಬ್ಬಿಸುತ್ತಾರೆ, ಜಾಗ ಹೋಗುವುದಕ್ಕಿಂತ ದುಡ್ಡು ಹೋಗುವುದು ವಾಸಿ ಅಂದುಕೊಂಡಿರಬೇಕು ಎಂದಳು ಹುಡುಗಿ.

ಮಾರನೆಯ ದಿನ ಬೆಟ್ಟದ ಮೇಲಿನ ಸೇತುವೆಗೆ ಹೋಗುವುದಿತ್ತು. ಎರಡು ದೊಡ್ಡ ಕಲ್ಲಿನ ಕೈಗಳು ಎತ್ತಿ ಹಿಡಿದಂತೆ ಕಾಣುವ ಸೇತುವೆ. ಸರೋಜ ವರ್ಷದಿಂದ ಅದನ್ನು ಫೋನಿನಲ್ಲಿ ನೋಡಿ ನೋಡಿ, ಇಬ್ಬರೂ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದಿದ್ದಳು. ಅದರ ಮಾರನೆಯ ದಿನ ಬೇರೆ ಊರಿಗೆ ವಿಮಾನ. ಹೋಯಿಆನಿಗೆ ವಾಪಸ್ಸು ಹೋಗುವುದಾದರೆ ಅದೊಂದೇ ಬೆಳಿಗ್ಗೆ.

“ಹೋಗಿ ಬನ್ನಿ” ಎಂದಳು. “ಸೇತುವೆ ನಾನು ಜಯಮ್ಮ ನೋಡ್ಕೋತೀವಿ.” ಮುಖ ಆ ಕಡೆ ತಿರುಗಿಸಿ ಸೀರೆ ಮಡಿಸುತ್ತಿದ್ದಳು.

ಶಿವಣ್ಣನೂ ಸೇತುವೆ ಬಿಟ್ಟು ನನ್ನ ಜೊತೆ ಹೊರಟ. ಬೇಡ ಎಂದರೆ ಕೇಳಲಿಲ್ಲ. “ನೀನೊಬ್ನೇ ಓದ್ರೆ ಇನ್ನೊಂದ್ ಕಿತ ಯಾಮಾರ್ತೀಯ ಕಣ್ಲಾ” ಎಂದ. ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಅವನು ಭತ್ತದ ಗದ್ದೆ ನೋಡುತ್ತಾ, ನೀರು ಹೇಗೆ ಕಟ್ಟಿದ್ದಾರೆ ಎಂದು ವರ್ಣಿಸುತ್ತಿದ್ದ. ಮೊದಲ ಸಲ ನಾನೂ ತಲೆ ಎತ್ತಿ ಆ ದೇಶವನ್ನು ನೋಡಿದೆ. ಆದರೆ ಮನಸ್ಸು ಅಲ್ಲಿರಲಿಲ್ಲ.

ಮಾರುಕಟ್ಟೆಯ ಆ ಮೂಲೆಯಲ್ಲಿ ಯಾರೋ ಸೊಪ್ಪು ಹರಡಿಕೊಂಡಿದ್ದರು. ಚಕ್ಕೋತದವಳಿಲ್ಲ. ಎಬ್ಬಿಸಿಯೇ ಬಿಟ್ಟರೋ ಏನೋ ಎಂದುಕೊಂಡೆ. ಯಾರನ್ನು ಕೇಳುವುದು, ಏನೆಂದು ಕೇಳುವುದು? ಗೋಡೆಗೊರಗಿ ನಿಂತೆವು. ಗಂಟೆಯೊಂದಾಯಿತು, ಕಾಲು ಬಿದ್ದುಹೋಗುತ್ತಿತ್ತು. ಶಿವಣ್ಣ ಒಂದು ಕಟ್ಟೆಯ ಮೇಲೆ ಕೂತು ತೂಕಡಿಸಿದ. ಬಿಸಿಲು ಏರಿದ ಮೇಲೆ ಅವಳು ಬಂದಳು, ಹೆಗಲ ಮೇಲೆ ಅಡ್ಡೆ, ಎರಡು ಕಡೆ ಬುಟ್ಟಿ. ಸೊಪ್ಪಿನವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಬುಟ್ಟಿ ಇಳಿಸಿ ತಲೆ ಎತ್ತಿದವಳು ನನ್ನನ್ನು ಕಂಡಳು. ಕಂಡ ತಕ್ಷಣ ಅವಳ ಕೈ ಸಂಚಿಯ ಮೇಲೆ ಹೋಯಿತು.

ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಮಾತು ಬರದಿದ್ದರೂ ಅಂಕಿ ಬರುತ್ತದಲ್ಲ. ಅವಳ ಎದುರು ಕೂತು ಚೀಟಿಯ ಹಿಂದೆ ಬರೆದೆ. ಹಣ್ಣು ಅರವತ್ತು, ನಾನು ಕೊಟ್ಟದ್ದು ಇಪ್ಪತ್ತು, ಅವಳು ಕೊಟ್ಟದ್ದು ನಾನೂರ ನಲವತ್ತು. ನಾನು ಕೊಡಬೇಕಾದ್ದು ನಾನೂರ ಎಂಬತ್ತು. ಎಲ್ಲದರ ಮುಂದೆ ಮೂರು ಮೂರು ಸೊನ್ನೆ. ಚೀಟಿ ತೋರಿಸಿ, ಎದೆ ಮುಟ್ಟಿಕೊಂಡು, ಕೈ ಮುಗಿದೆ. ಅವಳು ಸೊಪ್ಪಿನವಳನ್ನು ಕರೆದಳು. ಇಬ್ಬರೂ ಬೆರಳಿಟ್ಟು ಓದಿದರು, ಏನೋ ಮಾತಾಡಿಕೊಂಡರು. ಐದು ಲಕ್ಷದ ನೋಟು ಕೊಟ್ಟೆ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು, ಬಿಸಿಲಿಗೆ ಹಿಡಿದಳು, ತಿರುಗಿಸಿ ಇನ್ನೊಮ್ಮೆ ಹಿಡಿದಳು. ನಾನು ತಲೆ ತಗ್ಗಿಸಿ ಕಾದೆ. ಆಮೇಲೆ ಅದನ್ನು ಮಡಿಸಿ ಸಂಚಿಗೆ ಹಾಕಿಕೊಂಡಳು.

ಎದ್ದು ಹೊರಟಾಗ ಅವಳು ಕೂಗಿದಳು. ತಿರುಗಿದರೆ ಇಪ್ಪತ್ತು ಸಾವಿರದ ನೋಟು ಹಿಡಿದು ನಿಂತಿದ್ದಳು. ಐದು ಲಕ್ಷದಲ್ಲಿ ನಾಲ್ಕು ಲಕ್ಷದ ಎಂಬತ್ತು ಸಾವಿರ ಕಳೆದ ಬಾಕಿ. ಇಟ್ಟುಕೋ ಎಂದು ಕೈಯಾಡಿಸಿದೆ. ಅವಳು ಒಪ್ಪಲಿಲ್ಲ. ನನ್ನ ಅಂಗೈ ಹಿಡಿದು ನೋಟನ್ನು ಒತ್ತಿ, ಬೆರಳು ಮಡಿಸಿದಳು. ನಗಲಿಲ್ಲ, ಸಿಟ್ಟೂ ಇರಲಿಲ್ಲ. ವ್ಯಾಪಾರ ಮುಗಿದವರ ಮುಖ ಅದು.

“ಈಗ ಸರ್ಯಾಯ್ತು” ಎಂದ ಶಿವಣ್ಣ. ಅವನು ಒಂದು ಇಡೀ ಚಕ್ಕೋತ ಕೊಂಡ. ಅದರ ಲೆಕ್ಕ ನಾನು ನೋಡಲಿಲ್ಲ.

ಸಂಜೆ ಸರೋಜ ಸೇತುವೆಯ ಫೋಟೋ ತೋರಿಸಿದಳು. ಒಬ್ಬಳೇ ನಿಂತಿದ್ದಾಳೆ, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು. “ಸಿಕ್ಕಿದಳಾ?” ಎಂದು ಕೇಳಿದಳು. ಸಿಕ್ಕಿದಳು ಎಂದೆ. “ಸದ್ಯ” ಎಂದಳು.

ಈಗ ಹೊರದೇಶಕ್ಕೆ ಹೊರಟ ನಂಟರು ನನ್ನನ್ನು ಕೇಳುತ್ತಾರೆ. ಕೆ.ಆರ್. ಪೇಟೆಯ ಷಡ್ಡಕರು ಹೋದ ತಿಂಗಳು ಥಾಯ್ಲೆಂಡಿಗೆ ಹೊರಟಾಗ ಪೆನ್ನು ಹಿಡಿದು ಕೂತಿದ್ದರು. ದೊಡ್ಡ ನೋಟು ಬೇರೆ ಜೇಬಿನಲ್ಲಿಡಿ, ಚಿಕ್ಕ ನೋಟು ಸಾಕಷ್ಟು ಇಟ್ಟುಕೊಳ್ಳಿ, ಒಂದೊಂದೇ ನೋಟು ಕೊಡಿ, ಕೊಡುವಾಗ ಎಷ್ಟು ಎಂದು ಗಟ್ಟಿಯಾಗಿ ಹೇಳಿ, ಚಿಲ್ಲರೆಯನ್ನು ಅಲ್ಲೇ ನಿಂತು ಎಣಿಸಿ. ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, ನೀವು ಕೊಟ್ಟದ್ದು ಯಾವ ನೋಟು ಎಂದು ನೀವೂ ಒಂದು ಸಲ ನೋಡಿಕೊಳ್ಳಿ ಎಂದೆ. ಅದು ಗೊತ್ತೇ ಇರುತ್ತದಲ್ಲ ಎಂದು ಅವರು ಪೆನ್ನು ಮುಚ್ಚಿದರು.